ತಂತ್ರಾಂಶಕ್ಕೆ ಮುಂಚಿನ ಕೆಲಸ: ನಮ್ಮ ಪಠ್ಯಪುಸ್ತಕಗಳು ಹೇಳದ ಅಧ್ಯಾಯ

ಗಣಕ ವಿಜ್ಞಾನದ ಅಂತಿಮ ವರ್ಷದ ವಿದ್ಯಾರ್ಥಿಗಳು ಒಪ್ಪಿಸುವ ಪ್ರಾಜೆಕ್ಟ್ ವರದಿಗಳನ್ನು ನೀವು ನೋಡಿರಬಹುದು. ಔಷಧದಂಗಡಿಯ ಬಿಲ್ಲು, ಗ್ರಂಥಾಲಯದ ಪುಸ್ತಕ ವಿತರಣೆ, ಸಹಕಾರ ಸಂಘದ ಲೆಕ್ಕಪತ್ರ – ವಿಷಯ ಯಾವುದೇ ಇರಲಿ, ವರದಿಯಲ್ಲಿ 'ಅವಶ್ಯಕತೆಗಳ ವಿಶ್ಲೇಷಣೆ' ಎಂಬ ಅಧ್ಯಾಯ ಇದ್ದೇ ಇರುತ್ತದೆ. ಆ ಅಧ್ಯಾಯವನ್ನು ಯಾವಾಗ ಬರೆದಿರಿ ಎಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿ ನೋಡಿ. ಪ್ರಾಮಾಣಿಕವಾಗಿ ಹೇಳುವವರ ಉತ್ತರ ಸಾಮಾನ್ಯವಾಗಿ ಒಂದೇ: "ಪ್ರೋಗ್ರಾಂ ಮುಗಿದ ಮೇಲೆ, ಸಾರ್."

ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಇಂಥ ಒಂದು ಮೌಖಿಕ ಪರೀಕ್ಷೆಯಲ್ಲಿ ಹೊರ ವಿಭಾಗದ ಸದಸ್ಯನಾಗಿ ಕುಳಿತುಕೊಳ್ಳುವ ಪ್ರಸಂಗ ಬಂದಿತ್ತು. ಔಷಧದಂಗಡಿಗೆ ತಂತ್ರಾಂಶ ರಚಿಸಿದ್ದ ವಿದ್ಯಾರ್ಥಿ ಅದನ್ನು ಸೊಗಸಾಗಿ ನಡೆಸಿ ತೋರಿಸಿದ. "ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ನಾಲ್ಕನ್ನು ಮಾತ್ರ ಕತ್ತರಿಸಿ ಕೊಡಿ ಎಂದು ಗಿರಾಕಿ ಕೇಳಿದರೆ ಏನು ಮಾಡ್ತೀಯಪ್ಪ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಇದರಲ್ಲಿ ಆಗಲ್ಲ ಸಾರ್, ಪೂರ್ತಿ ಸ್ಟ್ರಿಪ್ ತಗೋಬೇಕು" ಎಂದ. "ಔಷಧದಂಗಡಿಗೆ ಹೋಗಿ ಅರ್ಧ ಗಂಟೆ ನಿಂತು ನೋಡಿದ್ದೀಯಾ?" "ಇಲ್ಲ ಸಾರ್." ಅವನಿಗೆ ಒಳ್ಳೆಯ ಅಂಕಗಳೇ ಬಂದವು. ತಪ್ಪು ಅವನದಲ್ಲ, ಅವನನ್ನು ಅಂಗಡಿಗೆ ಕಳುಹಿಸದ ನಮ್ಮದು.

ವ್ಯವಹಾರಕ್ಕೆ ಬಳಸುವ ತಂತ್ರಾಂಶದ ವಿನ್ಯಾಸಕ್ಕೆ ಕೈಹಾಕುವ ಮುನ್ನ ನಡೆಯಬೇಕಾದ ಪೂರ್ವಸಿದ್ಧತೆಯನ್ನು ನಾವು ತಪ್ಪಾಗಿ ಕಲಿಸುತ್ತಿದ್ದೇವೆ ಎಂಬುದು ಈ ಲೇಖನದ ವಾದ. ಗಿರಾಕಿಗೆ ಏನು ಬೇಕೆಂದು ಕೇಳಿ ಪಟ್ಟಿ ಮಾಡುವುದೇ ಪೂರ್ವಸಿದ್ಧತೆ ಎಂದು ನಮ್ಮ ಪಾಠಗಳು ಹೇಳುತ್ತವೆ. ನಿಜವಾಗಿ ಅದು ಕೆಲಸ ಈಗ ಹೇಗೆ ನಡೆಯುತ್ತಿದೆ ಎಂಬುದನ್ನು ಕಣ್ಣಾರೆ ನೋಡಿ ಅಳೆಯುವ ಕೆಲಸ. ಅಲ್ಲಿ ಬಳಕೆಯಾಗುವ ಪ್ರತಿಯೊಂದು ಪದಕ್ಕೂ ಒಂದೇ ಅರ್ಥವನ್ನು ನಿಗದಿ ಮಾಡುವ ಕೆಲಸ. ಪ್ರಯೋಗಾಲಯದಲ್ಲಿ ನಾವು ಹೇಳಿಕೊಡುವ ಶಿಸ್ತೇ ಇದು. ಲೋಲಕದ ಉದ್ದವೆಂದರೆ ದಾರದ ಉದ್ದವಲ್ಲ, ತೂಗುಬಿಂದುವಿನಿಂದ ಗುಂಡಿನ ಕೇಂದ್ರದವರೆಗಿನ ದೂರ ಎಂದು ಮೊದಲೇ ಹೇಳದಿದ್ದರೆ, ಎಷ್ಟು ಬಾರಿ ಅಳೆದರೂ ಗುರುತ್ವ ವೇಗೋತ್ಕರ್ಷದ ಬೆಲೆ ತಪ್ಪಾಗಿಯೇ ಬರುತ್ತದೆ.

ಪಠ್ಯಪುಸ್ತಕ ಹೇಳುವುದೇನು?

ತಂತ್ರಾಂಶ ಎಂಜಿನಿಯರಿಂಗ್‌ನ ಪಠ್ಯಪುಸ್ತಕಗಳಲ್ಲಿ ಮೊದಲಿಗೆ ಸಿಗುವುದು 'ಜಲಪಾತ' ಮಾದರಿಯ ಚಿತ್ರ. ಅವಶ್ಯಕತೆ, ವಿಶ್ಲೇಷಣೆ, ವಿನ್ಯಾಸ, ಪ್ರೋಗ್ರಾಂ, ಪರೀಕ್ಷೆ – ಮೆಟ್ಟಿಲಿನಿಂದ ಮೆಟ್ಟಿಲಿಗೆ ನೀರು ಇಳಿಯುವಂತೆ ಒಂದು ಹಂತ ಮುಗಿದ ಮೇಲೆ ಮುಂದಿನದು. ಈ ಚಿತ್ರದ ಮೂಲವೆಂದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಮಂಡಿಸಿದ ಪ್ರಬಂಧವನ್ನು ಹೆಸರಿಸುವುದು ರೂಢಿ. ಆ ಪ್ರಬಂಧವನ್ನು ಓದಿದವರಿಗೆ ಆಶ್ಚರ್ಯ ಕಾದಿರುತ್ತದೆ. 'ಜಲಪಾತ' ಎಂಬ ಪದವೇ ಅದರಲ್ಲಿಲ್ಲ. ಹಂತಗಳ ಆ ಚಿತ್ರವನ್ನು ಕೊಟ್ಟ ರಾಯ್ಸ್, ಅದನ್ನು ಹಾಗೆಯೇ ಅನುಸರಿಸಿದರೆ ಅಪಾಯವಿದೆ, ಸೋಲನ್ನು ಆಹ್ವಾನಿಸಿದಂತೆ ಎಂಬರ್ಥದ ಮಾತನ್ನು ಕೂಡಲೇ ಹೇಳುತ್ತಾರೆ. ಮೊದಲು ಒಂದು ಪ್ರಾಯೋಗಿಕ ರೂಪವನ್ನು ರಚಿಸಿ ಕಲಿಯಿರಿ, ಗಿರಾಕಿಯನ್ನು ಉದ್ದಕ್ಕೂ ಜೊತೆಯಲ್ಲಿಟ್ಟುಕೊಳ್ಳಿ ಎಂಬುದು ಅವರ ಸಲಹೆ. ಎಚ್ಚರಿಕೆಗೆಂದು ಬರೆದ ಚಿತ್ರವನ್ನು ನಾವು ಮಾದರಿಯೆಂದು ಕಲಿಸುತ್ತಿದ್ದೇವೆ.

ಎರಡನೆಯದು, ನಮೂನೆಯ ಮೋಹ. ಅವಶ್ಯಕತೆಗಳ ದಾಖಲೆ ಹೇಗಿರಬೇಕೆಂದು ಐಇಇಇ ಸಂಸ್ಥೆ 1984ರಲ್ಲಿ 830 ಸಂಖ್ಯೆಯ ಮಾರ್ಗಸೂಚಿಯೊಂದನ್ನು ಹೊರತಂದಿತು. 1998ರಲ್ಲಿ ಅದರ ಪರಿಷ್ಕೃತ ರೂಪ ಬಂತು, 2011ರಲ್ಲಿ ಬೇರೊಂದು ಅಂತರರಾಷ್ಟ್ರೀಯ ಮಾನಕ ಅದರ ಜಾಗಕ್ಕೆ ಬಂದಿತು. ಒಳ್ಳೆಯ ದಾಖಲೆಯ ಪ್ರತಿಯೊಂದು ವಾಕ್ಯವೂ ಪರಿಶೀಲಿಸಿ ನೋಡುವಂತಿರಬೇಕು ಎಂಬುದು ಆ ಮಾರ್ಗಸೂಚಿಯ ತಿರುಳು. ನಮ್ಮ ವಿದ್ಯಾರ್ಥಿಗಳು ತಿರುಳನ್ನು ಬಿಟ್ಟು ಶೀರ್ಷಿಕೆಗಳನ್ನು ಮಾತ್ರ ನಕಲು ಮಾಡಿಕೊಂಡರು. 'ವ್ಯವಸ್ಥೆಯು ವೇಗವಾಗಿರಬೇಕು', 'ಬಳಕೆಗೆ ಸುಲಭವಾಗಿರಬೇಕು' ಎಂಬ ಸಾಲುಗಳು ಪ್ರತಿ ವರದಿಯಲ್ಲೂ ಇವೆ. ವೇಗ ಎಂದರೆ ಎಷ್ಟು? ಸರತಿಯಲ್ಲಿ 40 ಜನ ನಿಂತಿರುವಾಗ ಒಬ್ಬರ ಕೆಲಸ 15 ಸೆಕೆಂಡುಗಳಲ್ಲಿ ಮುಗಿಯಬೇಕು ಎಂದರೆ ಅದು ಅವಶ್ಯಕತೆ. ಗಡಿಯಾರ ಹಿಡಿದು ನೋಡಬಹುದು. 'ವೇಗವಾಗಿರಬೇಕು' ಎಂಬುದು ಬರೀ ಹಾರೈಕೆ.

ಮೂರನೆಯದು, ಅಂಕಿಯ ದುರ್ಬಳಕೆ. ಅವಶ್ಯಕತೆಯ ಹಂತದಲ್ಲಿ ಉಳಿದ ತಪ್ಪನ್ನು ತಂತ್ರಾಂಶ ಬಳಕೆಗೆ ಬಂದ ಮೇಲೆ ತಿದ್ದಲು 100 ಪಟ್ಟು ಖರ್ಚಾಗುತ್ತದೆ ಎಂಬ ಮಾತು ಹಲವು ಪುಸ್ತಕಗಳಲ್ಲಿ ನಿಸರ್ಗ ನಿಯಮವೊಂದರ ಗತ್ತಿನಲ್ಲಿ ಅಚ್ಚಾಗಿದೆ. ಬ್ಯಾರಿ ಬೋಮ್ ಅವರ 1981ರ ಗ್ರಂಥದಿಂದ ಈ ಅಂಕಿ ಪ್ರಚಾರಕ್ಕೆ ಬಂದಿತು. ಅದಕ್ಕೆ ಆಧಾರ 1970ರ ದಶಕದ ದೊಡ್ಡ ಯೋಜನೆಗಳು. ಅದೇ ಬೋಮ್ ಅವರು ವಿಕ್ಟರ್ ಬೆಸಿಲಿ ಅವರೊಡನೆ 2001ರಲ್ಲಿ ಬರೆದ ಲೇಖನದಲ್ಲಿ, ಸಣ್ಣ ವ್ಯವಸ್ಥೆಗಳಿಗೆ ಈ ಅನುಪಾತ ಸುಮಾರು 5 ಪಟ್ಟು ಮಾತ್ರ ಎಂದು ಹೇಳಿದರು. ಯಾವ ಸಂದರ್ಭದಲ್ಲಿ, ಎಷ್ಟು ದೋಷಮಿತಿಯೊಂದಿಗೆ ಎಂದು ಹೇಳದೆ ಅಂಕಿಯೊಂದನ್ನು ಬರೆದರೆ ಭೌತವಿಜ್ಞಾನದ ಪ್ರಯೋಗ ಪುಸ್ತಕದಲ್ಲಿ ನಾವು ಕೆಂಪು ಗೆರೆ ಎಳೆಯುತ್ತೇವೆ. ಇಲ್ಲಿಯೂ ಎಳೆಯಬೇಕು. ಪೂರ್ವಸಿದ್ಧತೆ ಮುಖ್ಯ ಎಂಬುದನ್ನು ಸ್ಥಾಪಿಸಲು ಉತ್ಪ್ರೇಕ್ಷೆ ಬೇಕಾಗಿಲ್ಲ. ನಡೆದ ಘಟನೆಗಳೇ ಸಾಕು.

ಚಹಾದಂಗಡಿಯ ಗಣಕ

ವ್ಯವಹಾರಕ್ಕೆ ನಿತ್ಯವೂ ದುಡಿದ ಮೊದಲ ಗಣಕ ಬ್ಯಾಂಕಿನದಲ್ಲ, ಸರ್ಕಾರದ್ದೂ ಅಲ್ಲ. ಅದು ಲಂಡನ್ನಿನ ಜೆ. ಲಯನ್ಸ್ ಎಂಬ ಕಂಪನಿಯದು. ಚಹಾದಂಗಡಿಗಳನ್ನು ನಡೆಸುತ್ತ, ಕೇಕು–ಬ್ರೆಡ್ಡುಗಳನ್ನು ಮಾರುತ್ತಿದ್ದ ಕಂಪನಿ ಅದು. ಚಿಕ್ಕ ಚಿಕ್ಕ ಮೊತ್ತದ ಅಸಂಖ್ಯ ವ್ಯವಹಾರಗಳಿದ್ದುದರಿಂದ ಪ್ರತಿಯೊಂದರ ಲೆಕ್ಕ ಬರೆಯುವ ಖರ್ಚು ಲಾಭವನ್ನೇ ತಿಂದುಹಾಕುವಂತಿತ್ತು. ಹಾಗಾಗಿ ಕೇಂಬ್ರಿಜ್‌ನಲ್ಲಿ ಗಣಿತ ಓದಿದ ಜಾನ್ ಸಿಮನ್ಸ್ ಅವರ ಮುಂದಾಳತ್ವದಲ್ಲಿ 1930ರ ದಶಕದಲ್ಲೇ ಅಲ್ಲಿ ಕಚೇರಿ ಕೆಲಸವನ್ನು ಅಧ್ಯಯನ ಮಾಡುವ ಪ್ರತ್ಯೇಕ ವಿಭಾಗವೊಂದು ಇತ್ತು. ಯಾವ ಕಾಗದ ಎಲ್ಲಿಂದ ಹುಟ್ಟುತ್ತದೆ, ಯಾರ ಕೈಗೆ ಹೋಗುತ್ತದೆ, ಅದು ಬೇಕೇ ಬೇಕೇ ಎಂದು ಕೇಳುವುದು ಆ ವಿಭಾಗದ ಕೆಲಸ. ಗಣಕ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ಗಮನಿಸಿ.

1947ರಲ್ಲಿ ಈ ಕಂಪನಿಯ ಇಬ್ಬರು, ಥಾಮ್ಸನ್ ಮತ್ತು ಸ್ಟ್ಯಾಂಡಿಂಗ್‌ಫೋರ್ಡ್, ಕಚೇರಿ ಪದ್ಧತಿಗಳನ್ನು ನೋಡಲು ಅಮೆರಿಕಕ್ಕೆ ಹೋದರು. ಅಲ್ಲಿ ಎಲೆಕ್ಟ್ರಾನಿಕ್ ಗಣಕದ ವಿಷಯ ತಿಳಿಯಿತು. ತಮ್ಮ ಊರಿನ ಪಕ್ಕದಲ್ಲೇ, ಕೇಂಬ್ರಿಜ್‌ನಲ್ಲಿ, ಮಾರಿಸ್ ವಿಲ್ಕ್ಸ್ ಎಡ್ಸ್ಯಾಕ್ ಎಂಬ ಗಣಕವನ್ನು ಕಟ್ಟುತ್ತಿದ್ದಾರೆ ಎಂಬುದೂ ಅಲ್ಲಿಯೇ ತಿಳಿಯಿತು! ಲಯನ್ಸ್ ಆ ಕೆಲಸಕ್ಕೆ ಧನಸಹಾಯ ಕೊಟ್ಟು, ತನ್ನ ತಂತ್ರಜ್ಞನೊಬ್ಬನನ್ನೂ ಕಳುಹಿಸಿತು. ಎಡ್ಸ್ಯಾಕ್ 1949ರ ಮೇ 6ರಂದು ಮೊದಲ ಲೆಕ್ಕ ಮಾಡಿತು. ಅದರ ವಿನ್ಯಾಸವನ್ನೇ ಆಧರಿಸಿ, ಜಾನ್ ಪಿಂಕರ್ಟನ್ ಎಂಬ ಎಂಜಿನಿಯರ್ ನೇತೃತ್ವದಲ್ಲಿ ಲಯನ್ಸ್ ತನ್ನದೇ ಗಣಕ 'ಲಿಯೋ'ವನ್ನು ಕಟ್ಟಿತು. ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದದ ಸ್ಪಂದಗಳನ್ನು ಸುತ್ತಿಸುತ್ತ ದತ್ತಾಂಶವನ್ನು ನೆನಪಿಡುತ್ತಿದ್ದ ಆ ಗಣಕದ ಸ್ಮೃತಿಯ ಗಾತ್ರ 2048 ಪದಗಳು. ಇಂದಿನ ಅಗ್ಗದ ಮೊಬೈಲಿನ ಮುಂದೆ ಅದು ಏನೇನೂ ಅಲ್ಲ.

ಇಷ್ಟು ಸಣ್ಣ ಯಂತ್ರದಿಂದ ವ್ಯವಹಾರದ ಕೆಲಸ ನಡೆದದ್ದು ಹೇಗೆ? ಡೇವಿಡ್ ಕ್ಯಾಮಿನರ್ ಮತ್ತು ಅವರ ತಂಡ ಪ್ರೋಗ್ರಾಂ ಬರೆಯುವ ಮುನ್ನ ಮಾಡಿದ ಅಧ್ಯಯನದಿಂದ. 1951ರ ನವೆಂಬರ್‌ನಲ್ಲಿ ಮೊದಲು ಗಣಕಕ್ಕೆ ವಹಿಸಿದ್ದು ಬೇಕರಿಯ ಉತ್ಪನ್ನಗಳ ಮೌಲ್ಯ ಲೆಕ್ಕ ಹಾಕುವ, ಕಡಿಮೆ ದತ್ತಾಂಶ ಬೇಡುವ ಕೆಲಸ. ಎಲ್ಲರ ಕಣ್ಣಿದ್ದ ಸಂಬಳದ ಲೆಕ್ಕವನ್ನು ಕೂಡಲೇ ಮುಟ್ಟಲಿಲ್ಲ, ಏಕೆಂದರೆ ಸಂಬಳದಲ್ಲಿ ಒಂದು ತಪ್ಪಾದರೂ ನಂಬಿಕೆ ಹೋಗುತ್ತದೆ. ಹಳೆಯ ಪದ್ಧತಿ ಮತ್ತು ಗಣಕ ಎರಡನ್ನೂ ಜೊತೆಜೊತೆಗೆ ನಡೆಸಿ, ಉತ್ತರಗಳನ್ನು ತಾಳೆ ನೋಡಿ, 1954ರಲ್ಲಿ ಸಂಬಳದ ಕೆಲಸವನ್ನು ಪೂರ್ತಿಯಾಗಿ ಲಿಯೋಗೆ ಒಪ್ಪಿಸಿದರು. ಅನುಭವಿ ಗುಮಾಸ್ತರಿಗೆ ತಲಾ 8 ನಿಮಿಷ ಹಿಡಿಯುತ್ತಿದ್ದ ಲೆಕ್ಕ ಒಂದೂವರೆ ಸೆಕೆಂಡಿನಲ್ಲಿ ಮುಗಿಯತೊಡಗಿತು.

ಚಹಾದಂಗಡಿಗಳ ಸರಬರಾಜಿನ ವಿಷಯ ಇನ್ನೂ ಪಾಠಯೋಗ್ಯ. ಪ್ರತಿ ಅಂಗಡಿಯ ಮೇಲ್ವಿಚಾರಕಿಯೂ ನಾಳೆಗೆ ಏನೇನು ಬೇಕೆಂದು ದಿನವೂ ತಿಳಿಸಬೇಕಿತ್ತು. 'ಗಿರಾಕಿಗೆ ಏನು ಬೇಕು' ಎಂದು ಕೇಳಿ ವಿನ್ಯಾಸ ಮಾಡಿದ್ದರೆ, ಆ ಉದ್ದನೆಯ ಪಟ್ಟಿಗಳನ್ನೆಲ್ಲ ದಿನವೂ ಗಣಕಕ್ಕೆ ತುಂಬುವ ವ್ಯವಸ್ಥೆ ಹುಟ್ಟುತ್ತಿತ್ತು. ತಂಡದವರು ಪಟ್ಟಿಗಳನ್ನೇ ಕುಳಿತು ನೋಡಿದರು. ಒಂದು ಅಂಗಡಿಯ ಒಂದು ಸೋಮವಾರದ ಬೇಡಿಕೆಗೂ ಮುಂದಿನ ಸೋಮವಾರದ ಬೇಡಿಕೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದ್ದರಿಂದ ವಾರದ ಪ್ರತಿ ದಿನಕ್ಕೂ ಒಂದು ಮಾಮೂಲು ಬೇಡಿಕೆಯನ್ನು ಗಣಕದ ದಾಖಲೆಯಲ್ಲಿ ಇರಿಸಿ, ಅದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನು ಮಾತ್ರ ದೂರವಾಣಿಯಲ್ಲಿ ಕೇಳಿಕೊಂಡರು. ತಿಳಿದ ಬೆಲೆಯಿಂದ ವಿಚಲನೆಯನ್ನಷ್ಟೇ ಅಳೆಯುವುದು ಭೌತವಿಜ್ಞಾನಿಗೆ ಪರಿಚಿತವಾದ ಉಪಾಯವೇ. ಇದನ್ನು ಯಾವ ಮೇಲ್ವಿಚಾರಕಿಯೂ ಬೇಕೆಂದು ಕೇಳಿರಲಿಲ್ಲ. ನೋಡಿದವರಿಗೆ ಹೊಳೆಯಿತು.

ಈ ಕಥೆಗೆ ಎರಡು ಮಿತಿಗಳನ್ನು ಸೇರಿಸಬೇಕು. ಲಯನ್ಸ್‌ನಲ್ಲಿ ಗಿರಾಕಿಯೂ ತಯಾರಕನೂ ಒಬ್ಬನೇ ಆಗಿದ್ದ. ಹೊರಗಿನ ಕಂಪನಿಗೆ ತಂತ್ರಾಂಶ ರಚಿಸುವವರಿಗೆ ಆ ಅನುಕೂಲ ಇರುವುದಿಲ್ಲ. ಮತ್ತೊಂದು, ಒಳ್ಳೆಯ ತಂತ್ರಾಂಶ ವ್ಯಾಪಾರವನ್ನು ಕಾಪಾಡುತ್ತದೆ ಎಂಬ ಖಾತರಿಯಿಲ್ಲ. ಲಿಯೋ ಗಣಕಗಳ ಉದ್ಯಮ 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಗಣಕ ವಿಭಾಗದೊಡನೆ ಸೇರಿಹೋಯಿತು. 1978ರಲ್ಲಿ ಲಯನ್ಸ್ ಕಂಪನಿಯೇ ಬೇರೆಯವರ ಪಾಲಾಯಿತು.

ದಪ್ಪ ದಾಖಲೆ, ತಪ್ಪು ಊಹೆ

ಲಿಯೋ ನಡೆದ ಅದೇ ಲಂಡನ್ನಿನಲ್ಲಿ ನಾಲ್ಕು ದಶಕಗಳ ನಂತರ ನಡೆದ ಇನ್ನೊಂದು ಘಟನೆಯನ್ನು ನೋಡೋಣ. ಇದು ವ್ಯಾಪಾರವಲ್ಲ, ಆಂಬುಲೆನ್ಸ್ ಸೇವೆ. ಆದರೆ ಪೂರ್ವಸಿದ್ಧತೆಯ ಪ್ರಶ್ನೆ ಎರಡರಲ್ಲೂ ಒಂದೇ. ದಿನಕ್ಕೆ 2000ಕ್ಕೂ ಹೆಚ್ಚು ಕರೆಗಳನ್ನು ಸ್ವೀಕರಿಸುತ್ತಿದ್ದ ಲಂಡನ್ ಆಂಬುಲೆನ್ಸ್ ಸೇವೆ, ಯಾವ ವಾಹನವನ್ನು ಎಲ್ಲಿಗೆ ಕಳುಹಿಸಬೇಕೆಂದು ತಾನೇ ನಿರ್ಧರಿಸುವ ಗಣಕ ವ್ಯವಸ್ಥೆಯನ್ನು 1992ರ ಅಕ್ಟೋಬರ್ 26ರಂದು ಜಾರಿಗೆ ತಂದಿತು. ಮರುದಿನ ಮಧ್ಯಾಹ್ನವೇ ಅರ್ಧ ಹಳೆಯ ಪದ್ಧತಿಗೆ ಮರಳಬೇಕಾಯಿತು. ನವೆಂಬರ್ 4ರ ನಸುಕಿನಲ್ಲಿ ವ್ಯವಸ್ಥೆ ಪೂರ್ತಿ ನಿಂತಿತು, ಸಿಬ್ಬಂದಿ ಮತ್ತೆ ಕಾಗದ–ಪೆನ್ನು ಹಿಡಿದರು.

1993ರ ಫೆಬ್ರವರಿಯಲ್ಲಿ ಹೊರಬಂದ ವಿಚಾರಣಾ ವರದಿ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಈ ಯೋಜನೆಗೆ ಅವಶ್ಯಕತೆಗಳ ದಾಖಲೆ ಇರಲಿಲ್ಲವೆಂದು ನೀವು ಊಹಿಸಿದ್ದರೆ ಅದು ತಪ್ಪು. ದಾಖಲೆ ಇತ್ತು, ಬಹಳ ವಿವರವಾಗಿಯೇ ಇತ್ತು. ಆದರೆ ಆಂಬುಲೆನ್ಸ್ ಓಡಿಸುವವರ ಪಾಲು ಅದರಲ್ಲಿ ಅತ್ಯಲ್ಪ. ಪ್ರತಿಯೊಂದು ವಾಹನ ಎಲ್ಲಿದೆ, ಅದು ಬಿಡುವಾಗಿದೆಯೇ ಎಂಬ ಮಾಹಿತಿ ಸದಾ ಬಹುಮಟ್ಟಿಗೆ ನಿಖರವಾಗಿ ಸಿಗುತ್ತದೆ ಎಂಬ ಊಹೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ನಿಜವಾದ ರಸ್ತೆಯಲ್ಲಿ ರೇಡಿಯೋ ಸಂಪರ್ಕ ಸಿಗದ ಜಾಗಗಳಿದ್ದವು. ರೋಗಿಯನ್ನು ಎತ್ತಿಕೊಳ್ಳುವ ಅವಸರದಲ್ಲಿ ಒತ್ತಬೇಕಾದ ಗುಂಡಿಯನ್ನು ಸಿಬ್ಬಂದಿ ಒತ್ತದೆ ಹೋಗಬಹುದಿತ್ತು. ಮಾಹಿತಿ ತಪ್ಪಾದಾಗ ಗಣಕ ತಪ್ಪು ವಾಹನ ಕಳುಹಿಸಿತು. ಎಚ್ಚರಿಕೆಯ ಸಂದೇಶಗಳು ಪರದೆಯ ಮೇಲೆ ರಾಶಿಬಿದ್ದವು. ತಡವಾದಾಗ ಜನ ಮತ್ತೆ ಮತ್ತೆ ಕರೆ ಮಾಡಿದರು, ಕರೆ ಹೆಚ್ಚಿದಂತೆ ತಡ ಇನ್ನೂ ಹೆಚ್ಚಿತು. ಧ್ವನಿವರ್ಧಕದ ಮುಂದೆ ಮೈಕು ಹಿಡಿದಾಗ ಕೀರಲು ಸದ್ದು ಬೆಳೆಯುತ್ತ ಹೋಗುವುದೂ ಹೀಗೆಯೇ.

ನವೆಂಬರ್ 4ರಂದು ವ್ಯವಸ್ಥೆ ನಿಂತದ್ದಕ್ಕೆ ಕಾರಣ ಪ್ರೋಗ್ರಾಂನಲ್ಲಿದ್ದ ಒಂದು ಸಣ್ಣ ತಪ್ಪು. ಬಳಸಿದ ಸ್ಮೃತಿಯ ಒಂದು ತುಣುಕನ್ನು ಅದು ಬಿಟ್ಟುಕೊಡುತ್ತಿರಲಿಲ್ಲ. ತರಗತಿಯಲ್ಲಿ ಈ ತಪ್ಪಿನ ಬಗ್ಗೆ ಮಾತ್ರ ಚರ್ಚೆ ನಡೆಯುವುದನ್ನು ಕಂಡಿದ್ದೇನೆ. ಅದನ್ನು ಒಂದು ಸಾಲು ತಿದ್ದಿ ಸರಿಮಾಡಬಹುದು. ರಸ್ತೆಯ ಬಗೆಗಿನ ತಪ್ಪು ಊಹೆಯನ್ನು ಯಾವ ಸಾಲು ತಿದ್ದಿ ಸರಿಮಾಡುತ್ತೀರಿ?

ಒಂದು ಪದ, ಎರಡು ಅರ್ಥ

ಮೂರನೆಯ ಉದಾಹರಣೆ ಅಪ್ಪಟ ವ್ಯಾಪಾರದ್ದು. ಜರ್ಮನಿಯ ಲಿಡ್ಲ್ ಎಂಬ ಬೃಹತ್ ಚಿಲ್ಲರೆ ಮಾರಾಟ ಸಂಸ್ಥೆ ತನ್ನ ಸರಕು ನಿರ್ವಹಣೆಯನ್ನು ಸ್ಯಾಪ್ ಕಂಪನಿಯ ತಂತ್ರಾಂಶಕ್ಕೆ ವರ್ಗಾಯಿಸುವ ಯೋಜನೆಯನ್ನು 2011ರಲ್ಲಿ ಆರಂಭಿಸಿ, 2018ರ ಜುಲೈನಲ್ಲಿ ಕೈಬಿಟ್ಟಿತು. ಆ ಹೊತ್ತಿಗೆ ಸುಮಾರು 50 ಕೋಟಿ ಯೂರೊ ಖರ್ಚಾಗಿತ್ತು ಎಂದು ಜರ್ಮನ್ ಪತ್ರಿಕೆಗಳು ವರದಿ ಮಾಡಿದವು. ಕಾರಣಗಳು ಹಲವು. ವರದಿಗಳಲ್ಲಿ ಎದ್ದು ಕಂಡದ್ದು ಒಂದು: ದಾಸ್ತಾನಿನ ಮೌಲ್ಯವನ್ನು ಲಿಡ್ಲ್ ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು, ತಂತ್ರಾಂಶದ ಸಿದ್ಧ ರೂಪ ಮಾರುವ ಬೆಲೆಯನ್ನು ಆಧರಿಸಿತ್ತು. ಲಿಡ್ಲ್ ತನ್ನ ಪದ್ಧತಿಯನ್ನು ಬಿಡಲಿಲ್ಲ, ತಂತ್ರಾಂಶವನ್ನೇ ತನಗೆ ಬೇಕಾದಂತೆ ತಿದ್ದಿಸುತ್ತ ಹೋಯಿತು.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ನಿಮ್ಮ ಬೀದಿಯ ಅಂಗಡಿಯನ್ನೇ ತೆಗೆದುಕೊಂಡು ನೋಡಿ. 30 ರೂಪಾಯಿಗೆ ಕೊಂಡು 36 ರೂಪಾಯಿಗೆ ಮಾರುವ 100 ಸಾಬೂನುಗಳಿವೆ. ದಾಸ್ತಾನಿನ ಮೌಲ್ಯ 3000 ರೂಪಾಯಿಯೋ 3600 ರೂಪಾಯಿಯೋ? ಎರಡೂ ಸರಿ. ನಾಳೆ ಮಾರುವ ಬೆಲೆಯನ್ನು 34ಕ್ಕೆ ಇಳಿಸಿದರೆ ಎರಡನೆಯ ಲೆಕ್ಕದಲ್ಲಿ ಮೌಲ್ಯ 3400 ಆಗುತ್ತದೆ, ಮೊದಲನೆಯದರಲ್ಲಿ ಬದಲಾವಣೆಯೇ ಇಲ್ಲ. ಒಂದು ಸಾಬೂನೂ ಕಪಾಟಿನಿಂದ ಕದಲಿಲ್ಲ! 'ದಾಸ್ತಾನಿನ ಮೌಲ್ಯ ತೋರಿಸಬೇಕು' ಎಂದು ಅವಶ್ಯಕತೆಗಳ ಪಟ್ಟಿಯಲ್ಲಿ ಬರೆದವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಪದವನ್ನು ಅಳತೆಯಂತೆ ಕಾಣುವವನಿಗೆ ಮೊದಲ ದಿನವೇ ಏಳುತ್ತದೆ.

ಡೈರಿಯಲ್ಲಿ ಒಂದು ಬೆಳಿಗ್ಗೆ

ಈಗ ನಮ್ಮ ಊರಿಗೆ ಬನ್ನಿ. ನಿಮ್ಮ ವಿದ್ಯಾರ್ಥಿಗಳು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂದು ತಂತ್ರಾಂಶ ರಚಿಸುತ್ತಾರೆ ಎಂದುಕೊಳ್ಳಿ. ಕೊಠಡಿಯಲ್ಲಿ ಕುಳಿತರೆ ಕೋಷ್ಟಕ ಐದು ನಿಮಿಷದ ಕೆಲಸ: ಸದಸ್ಯರ ಸಂಖ್ಯೆ, ದಿನಾಂಕ, ಪ್ರಮಾಣ, ಜಿಡ್ಡಿನ ಅಂಶ, ದರ, ಮೊತ್ತ.

ಅವರನ್ನು ಒಂದು ದಿನ ಬೆಳಿಗ್ಗೆ ಮತ್ತು ಸಂಜೆ ಡೈರಿಯ ಕಟ್ಟೆಯ ಮೇಲೆ ಕುಳ್ಳಿರಿಸಿ. ಮೊದಲ ಪ್ರಶ್ನೆ 'ಪ್ರಮಾಣ'ದ ಬಗ್ಗೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತಾರೋ, ಕಿಲೋಗ್ರಾಂನಲ್ಲಿ ತೂಗುತ್ತಾರೋ? ಹಾಲಿನ ಸಾಂದ್ರತೆ ನೀರಿಗಿಂತ ಹೆಚ್ಚು, ಲೀಟರಿಗೆ ಸುಮಾರು 1.03 ಕಿಲೋಗ್ರಾಂ. ಲ್ಯಾಕ್ಟೋಮೀಟರ್ ಕೆಲಸ ಮಾಡುವುದು ಈ ವ್ಯತ್ಯಾಸದ ಮೇಲೆಯೇ. 500 ಲೀಟರ್ ಹಾಲಿನ ತೂಕ ಸುಮಾರು 515 ಕಿಲೋಗ್ರಾಂ. ದರ ಕಿಲೋಗ್ರಾಂಗೆ ನಿಗದಿಯಾಗಿ, ಕೋಷ್ಟಕದಲ್ಲಿ ಲೀಟರ್ ಅಂಕಿ ಕುಳಿತರೆ, ದಿನಕ್ಕೆ 10 ಲೀಟರ್ ಹಾಕುವ ಮನೆಗೆ ತಿಂಗಳಿಗೆ ಸುಮಾರು 9 ಕಿಲೋಗ್ರಾಂ ಹಾಲಿನ ಹಣ ಸಿಗುವುದಿಲ್ಲ. ಪ್ರೋಗ್ರಾಂನಲ್ಲಿ ತಪ್ಪಿಲ್ಲ, ಗುಣಾಕಾರ ಸರಿಯಾಗಿಯೇ ಇದೆ. ತಪ್ಪಿರುವುದು ಏಕಮಾನ ಕೇಳದ ಪೂರ್ವಸಿದ್ಧತೆಯಲ್ಲಿ.

ಎರಡನೆಯ ಪ್ರಶ್ನೆ ಪೂರ್ಣಾಂಕಗೊಳಿಸುವುದರ ಬಗ್ಗೆ. ಅಳತೆಯನ್ನು ಪ್ರತಿಸಲ ಕೆಳಗಿನ 100 ಮಿಲಿಲೀಟರಿಗೆ ಇಳಿಸಿ ಬರೆದರೆ ಸರಾಸರಿ 50 ಮಿಲಿಲೀಟರ್ ನಷ್ಟ. ತಿಂಗಳಿಗೆ 60 ಸಲ ಹಾಲು ಹಾಕುವವರಿಗೆ ಅದು 3 ಲೀಟರ್. ಹತ್ತಿರದ 100ಕ್ಕೆ ತಂದು ಬರೆದರೆ ಹೆಚ್ಚು–ಕಡಿಮೆಗಳು ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕುತ್ತವೆ. ಯಾದೃಚ್ಛಿಕ ದೋಷಕ್ಕೂ ವ್ಯವಸ್ಥಿತ ದೋಷಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ನನಗೆ ಗೊತ್ತಿಲ್ಲ.

ಮೂರನೆಯದು ಅಪವಾದಗಳು. ಹಾಲು ಹಾಕುವ ಹೊತ್ತಿಗೆ ಕರೆಂಟು ಹೋದರೆ? ಒಂದೇ ಮನೆಯಿಂದ ಹಸುವಿನ ಹಾಲು, ಎಮ್ಮೆಯ ಹಾಲು ಬೇರೆ ಬೇರೆ ಬಂದರೆ? ಒಬ್ಬರ ಹಾಲನ್ನು ಇನ್ನೊಬ್ಬರು ತಂದರೆ? ಹಾಲು ಒಡೆದರೆ ನಷ್ಟ ಯಾರದು? ಊರವರಿಗೇ ಮಾರಿದ ಹಾಲಿನ ಲೆಕ್ಕ ಎಲ್ಲಿ? ಬರೆದ ಅಂಕಿ ತಪ್ಪೆಂದು ಸದಸ್ಯೆಯೊಬ್ಬಳು ತಕರಾರು ಮಾಡಿದರೆ ಯಾರು, ಯಾವ ಆಧಾರದ ಮೇಲೆ ತಿದ್ದುತ್ತಾರೆ? ಕಾರ್ಯದರ್ಶಿಯನ್ನು 'ನಿಮಗೆ ಏನು ಬೇಕು' ಎಂದು ಕೇಳಿದರೆ ಇವುಗಳಲ್ಲಿ ಒಂದನ್ನೂ ಅವರು ಹೇಳಲಾರರು. ಮುಚ್ಚಿಡುತ್ತಾರೆಂದಲ್ಲ; ದಿನವೂ ಮಾಡುವ ಕೆಲಸ ಮಾಡುವವರ ಕಣ್ಣಿಗೇ ಬೀಳುವುದಿಲ್ಲ. ಹಳೆಯ ಪುಸ್ತಕದಲ್ಲಿ ಹೊಡೆದು ತಿದ್ದಿದ ಸಾಲುಗಳು, ಅಂಚಿನಲ್ಲಿ ಬರೆದ ಟಿಪ್ಪಣಿಗಳು ಈ ಅಪವಾದಗಳ ನಿಜವಾದ ದಾಖಲೆ. ಕಡತ ಗಣಕಕ್ಕೆ ಏರುವಾಗ ಮೊದಲು ಕಳೆದುಹೋಗುವುದು ಆ ಅಂಚೇ.

ಎರಡು ಆಕ್ಷೇಪಗಳು

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಪೂರ್ವಸಿದ್ಧತೆಯ ಕಾಲ ಮುಗಿಯಿತು, ಸ್ವಲ್ಪ ರಚಿಸಿ, ತೋರಿಸಿ, ತಿದ್ದುತ್ತ ಹೋಗುವುದೇ ಸರಿ ಎಂಬುದು. ಅಮೆರಿಕದ ಯೂಟಾ ರಾಜ್ಯದಲ್ಲಿ 2001ರಲ್ಲಿ 17 ತಜ್ಞರು ಹೊರಡಿಸಿದ 'ಅಜೈಲ್' ಘೋಷಣೆಯನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ತೋರಿಸಿ ತಿದ್ದುವುದು ಒಳ್ಳೆಯ ಕ್ರಮವೇ. ರಾಯ್ಸ್ ಹೇಳಿದ್ದೂ ಅದರ ಒಂದು ರೂಪವನ್ನು. ಆದರೆ ಆ ಘೋಷಣೆ ದಾಖಲೆಗಿಂತ ನಡೆಯುವ ತಂತ್ರಾಂಶ ಮೇಲು ಎನ್ನುತ್ತದೆಯೇ ಹೊರತು ನೋಡದೆ ಆರಂಭಿಸಿ ಎನ್ನುವುದಿಲ್ಲ. ಗಿರಾಕಿಯೊಡನೆ ಕೂಡಿ ಕೆಲಸ ಮಾಡಿ ಎನ್ನುತ್ತದೆ. ಲೀಟರ್–ಕಿಲೋಗ್ರಾಂ ಗೊಂದಲವನ್ನು ಪರದೆ ತೋರಿಸಿ ಕಂಡುಹಿಡಿಯಲಾಗದು, ಏಕೆಂದರೆ ಪರದೆಯ ಮೇಲೆ ಅಂಕಿ ಚೆನ್ನಾಗಿಯೇ ಕಾಣುತ್ತದೆ.

ಎರಡನೆಯ ಆಕ್ಷೇಪ ಹೊಸದು. 2022ರ ಕೊನೆಯಲ್ಲಿ ಬಂದ ಚಾಟ್‌ಜಿಪಿಟಿ ಮತ್ತು ಅದರ ನಂತರದ ಸಾಧನಗಳು ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುತ್ತವೆ. ಇನ್ನೇಕೆ ಈ ತೊಂದರೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಐಬಿಎಂನ ಬೃಹತ್ ಕಾರ್ಯಾಚರಣಾ ವ್ಯವಸ್ಥೆಯೊಂದರ ರಚನೆಯನ್ನು ನಿರ್ವಹಿಸಿದ ಫ್ರೆಡ್ ಬ್ರೂಕ್ಸ್ ಮೊದಲ ಪದವಿಯಲ್ಲಿ ಓದಿದ್ದು ಭೌತವಿಜ್ಞಾನವನ್ನು. ತಂತ್ರಾಂಶ ರಚನೆಯಲ್ಲಿ ಅತ್ಯಂತ ಕಠಿಣವಾದದ್ದು ಏನನ್ನು ರಚಿಸಬೇಕೆಂದು ಕರಾರುವಾಕ್ಕಾಗಿ ನಿರ್ಧರಿಸುವುದು ಎಂದು ಅವರು 1986ರಲ್ಲೇ ವಾದಿಸಿದ್ದರು. ಬರೆಯುವ ಕೆಲಸ ಅಗ್ಗವಾದಷ್ಟೂ ಆ ಮಾತಿನ ತೂಕ ಹೆಚ್ಚುತ್ತಿದೆ. ಯಂತ್ರಕ್ಕೆ 'ಪ್ರಮಾಣ' ಎಂದು ಹೇಳಿದರೆ ಅದು ತನಗೆ ತೋಚಿದ ಪ್ರಮಾಣವನ್ನು ಬರೆಯುತ್ತದೆ. ನಿಮ್ಮೂರಿನ ಡೈರಿಯ ಕಟ್ಟೆಯ ಮೇಲೆ ಅದು ಕುಳಿತಿಲ್ಲ.

ಅಧ್ಯಾಪಕರಲ್ಲಿ ಒಂದು ಮನವಿ

ಪ್ರಾಜೆಕ್ಟಿನ ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ಗಣಕ ಮುಟ್ಟುವ ಮೊದಲೇ ಕೊಡುವಂತಾಗಬೇಕು. ಮೊದಲ ತಿಂಗಳ ಕೊನೆಯಲ್ಲಿ ವಿದ್ಯಾರ್ಥಿ ಒಂದು ಕೈಬರಹದ ನೋಟ್‌ಬುಕ್ ತರಲಿ. ಅದರಲ್ಲಿ ಈ ಐದು ಪ್ರಶ್ನೆಗಳಿಗೆ ಉತ್ತರವಿರಲಿ:

1. ಈ ಕೆಲಸವನ್ನು ಈಗ ಯಾರು, ಯಾವ ಕ್ರಮದಲ್ಲಿ, ಯಾವ ಪುಸ್ತಕದಲ್ಲಿ ಬರೆದು ಮಾಡುತ್ತಿದ್ದಾರೆ? ನೀನು ಎಷ್ಟು ಗಂಟೆ ಕುಳಿತು ನೋಡಿದೆ?

2. ಪ್ರತಿಯೊಂದು ಅಂಕಿಯ ಏಕಮಾನ ಯಾವುದು, ಅದನ್ನು ಅಳೆಯುವವರು ಯಾರು, ದೋಷ ಎಷ್ಟು?

3. ಒಂದು ವಾರದಲ್ಲಿ ಕಂಡ ಅಪವಾದಗಳು ಯಾವುವು, ಪ್ರತಿಯೊಂದೂ ಎಷ್ಟು ಸಲ ನಡೆಯಿತು?

4. ಲೆಕ್ಕ ತಪ್ಪಿದರೆ ನಷ್ಟ ಯಾರಿಗೆ? ಅವರು ಅದನ್ನು ಹೇಗೆ ತಿಳಿಯುತ್ತಾರೆ, ಯಾರನ್ನು ಕೇಳುತ್ತಾರೆ?

5. ಗಣಕವೇ ಇಲ್ಲದೆ ಸರಿಯಾಗುವುದು ಏನಾದರೂ ಇದೆಯೇ?

ಐದನೆಯ ಪ್ರಶ್ನೆಗೆ 'ಇದೆ, ಒಂದು ಕಾಲಂ ಸೇರಿಸಿದ ಹೊಸ ನೋಟ್‌ಬುಕ್ ಸಾಕು' ಎಂದು ಆಧಾರಸಹಿತ ಉತ್ತರ ತಂದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡುವ ಧೈರ್ಯ ನಮಗೆ ಬೇಕು. ಆ ವಿದ್ಯಾರ್ಥಿ ಪ್ರಯೋಗ ಮಾಡಿದ್ದಾನೆ, ಫಲಿತಾಂಶ ಅವನು ನಿರೀಕ್ಷಿಸಿದ್ದಲ್ಲ, ಅಷ್ಟೆ.

ವಿದ್ಯಾರ್ಥಿಗಳೇ, ಮುಂದಿನ ಪ್ರಾಜೆಕ್ಟಿಗೆ ವಿಷಯ ಆರಿಸಿಕೊಂಡ ದಿನ ಗಣಕದ ಮುಂದೆ ಕೂರಬೇಡಿ. ನೋಟ್‌ಬುಕ್ಕೂ ಪೆನ್ನೂ ಹಿಡಿದು ಆ ಅಂಗಡಿಗೋ ಸಂಘಕ್ಕೋ ಹೋಗಿ, ಅನುಮತಿ ಕೇಳಿ, ಒಂದು ಮೂಲೆಯಲ್ಲಿ ನಿಲ್ಲಿ. ನಾಲ್ಕು ಮಾತ್ರೆ ಕತ್ತರಿಸಿ ಕೊಡಿ ಎಂದು ಕೇಳುವ ಗಿರಾಕಿ ಮೊದಲ ಅರ್ಧ ಗಂಟೆಯೊಳಗೇ ಬರಬಹುದು.